ಜರಡಿ ಅನ್ನುವ ಮಾತು ಹುಟ್ಟಿದ ಮೂಲೆ

ನನ್ನ ಗುಬ್ಬಿಗೆ,

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ಫೋನಿನಲ್ಲೇ ಉತ್ತರ ಹೇಳಬಹುದಿತ್ತು. ಹೇಳಲಿಲ್ಲ. ನಿನ್ನ ಮಾವನ ಬಾಯಿಗೆ ಬ್ರೇಕಿಲ್ಲ ಎನ್ನುವುದು ಈ ಓಣಿಯ ನಾಯಿಗಳಿಗೂ ಗೊತ್ತು. ಅಂಥ ಬಾಯಿಯಿಂದಲೇ ಅವತ್ತು ಸಿಗ್ನಲ್ ಇಲ್ಲ, ಏನೂ ಕೇಳಿಸುತ್ತಿಲ್ಲ ಅಂತ ಸುಳ್ಳು ಹೇಳಿ ಇಟ್ಟುಬಿಟ್ಟೆ. ನಿಜ ಹೇಳಬೇಕೆಂದರೆ ನೀನು ಮೂಗು ಒರೆಸಿಕೊಂಡದ್ದೂ ನನಗೆ ಕೇಳಿಸುತ್ತಿತ್ತು.

ಅದಕ್ಕೇ ಈ ಕಾಗದ. ನಗಬೇಡ. ಓದಿದ್ದು ಹಳ್ಳಿ ಶಾಲೆಯಲ್ಲಿ, ಅದೂ ಏಳನೇ ತರಗತಿಯ ಹೊಸ್ತಿಲವರೆಗೆ. ಆದರೂ ಆ ಶಾಲೆಯ ಕರಿಹಲಗೆಯ ಮೇಲೆ ಮೇಷ್ಟ್ರ ಬದಲು ನಾನೇ ಬರೆಯುತ್ತಿದ್ದೆ, ಅಷ್ಟು ದುಂಡಗಿತ್ತು ನನ್ನ ಅಕ್ಷರ. ಮೇಷ್ಟ್ರಿಗೆ ಕಣ್ಣು ಮಂದವಾಗಿತ್ತು ಅನ್ನುವುದು ಬೇರೆ ವಿಷಯ.

“ಮಾವ, ಜರಡಿ ಅಂದ್ರೆ ಏನು? ಆ ಮಾತು ಎಲ್ಲಿಂದ ಬಂತು?” ಅಂತ ಕೇಳಿದೆ ನೀನು. ಹಿಟ್ಟು ಹಿಡಿಯುವ ಜರಡಿ ನಿನಗೆ ಗೊತ್ತಿಲ್ಲದ್ದೇನಲ್ಲ. ನೀನು ಕೇಳಿದ್ದು ಆ ಇನ್ನೊಂದನ್ನು; ಕೆಲಸ ತಪ್ಪಿಸಿಕೊಂಡು ತಿರುಗುವ ಮೈಗಳ್ಳನಿಗೆ ನಮ್ಮ ಕಡೆ ಎಲ್ಲರೂ ಅಂಟಿಸುವ ಹೆಸರನ್ನು. ಬಿಸಿಲೇರಿದರೂ ಮಲಗಿರುವ ಮಗನನ್ನು ತಾಯಿ “ಏಳೋ ಜರಡಿ” ಅಂತ ಎಬ್ಬಿಸುತ್ತಾಳೆ. ಆಫೀಸಿನಲ್ಲಿ ಫೈಲಿನ ಮರೆಯಲ್ಲಿ ತೂಕಡಿಸುವವನು ಜರಡಿ. ಕರೆದ ದಿನ ಬಾರದ ಪ್ಲಂಬರ್ ಜರಡಿ. ಈಗ ಆ ಮಾತು ಬಸ್ಸು ಹತ್ತಿ ನಿಮ್ಮೂರಿಗೂ ಬಂದು, ನಿಮ್ಮ ಹೊಲಿಗೆ ಕಾರ್ಖಾನೆಯ ಗೇಟು ದಾಟಿ, ನಿನ್ನ ಬೆನ್ನ ಹಿಂದೆ ನಿಂತಿದೆ.

ನಿನ್ನ ಮಗು ಉಳಿಯಲಿಲ್ಲ. ಆ ವಿಷಯದಲ್ಲಿ ನನಗೆ ಹೇಳಲು ಏನೂ ತಿಳಿಯುವುದಿಲ್ಲ, ತಿಳಿದವರ ಹಾಗೆ ನಟಿಸುವುದೂ ಇಲ್ಲ. ಮನೆಯಲ್ಲಿ ಕೂರಲಾರದೆ ಬೇಗನೆ ಕೆಲಸಕ್ಕೆ ಮರಳಿದೆ. ಮರಳಿದ ವಾರವೇ ನಿಮ್ಮ ಕಟಿಂಗ್ ಮಾಸ್ಟರಮ್ಮ ನಿನ್ನನ್ನು ಬಟ್ಟೆ ಕತ್ತರಿಸುವ ಮೆಷಿನ್ನಿನಿಂದ ಎಬ್ಬಿಸಿ ದಾರದ ಮೇಜಿಗೆ ಕಳಿಸಿದಳಂತೆ. ಹೊಲಿದು ಮುಗಿದ ಅಂಗಿಗಳಲ್ಲಿ ಇಣುಕುವ ದಾರದ ತುದಿಗಳನ್ನು ಪುಟ್ಟ ಕತ್ತರಿಯಲ್ಲಿ ಕತ್ತರಿಸುವ ಮೇಜು ಅದು. “ಅದೂ ಬೇರೆಯವರು ಆಗಲೇ ನೋಡಿಟ್ಟಿರೋ ಅಂಗಿ ಮಾವ. ಒಂದು ದಾರಾನೂ ಇರಲ್ಲ. ತಿರುಗಿಸೋದು, ಮಡಚೋದು. ಯಾಕೆ ಅಂತ ಕೂಡ ಅವಳು ಹೇಳಲಿಲ್ಲ. ಎಲ್ಲರೂ ಜರಡಿ ಅಂತಾರೆ. ಸೋಮವಾರ ಹೋಗಿ ಕೆಲಸ ಬಿಟ್ಟು ಬರ್ತೀನಿ,” ಅಂದೆ. ಆಮೇಲೆ ದನಿ ತಗ್ಗಿಸಿ ಇನ್ನೊಂದು ಮಾತು ಅಂದೆ. “ಕೊನೆಗೂ ಅಪ್ಪನ ಮಗಳೇ ಆದೆ ನೋಡು.”

ನನಗೆ ಸಿಗ್ನಲ್ ಹೋದದ್ದು ಆಗ.

ಈ ಮಾತಿನ ಮೂಲದ ಬಗ್ಗೆ ಊರಿನಲ್ಲಿ ಪಂಡಿತರಿಗೇನೂ ಬರಗಾಲವಿಲ್ಲ. ಜರಡಿಗೆ ಏನು ಹಾಕಿದರೂ ಸೋರಿಹೋಗುತ್ತದೆ, ಮೈಗಳ್ಳನಿಗೆ ಯಾವ ಕೆಲಸ ಹೇಳಿದರೂ ಹಾಗೇ, ಅದಕ್ಕೇ ಆ ಹೆಸರು ಅನ್ನುತ್ತಾನೆ ನಮ್ಮ ಕ್ಷೌರದ ಅಂಗಡಿಯವನು. ಅಲ್ಲ, ಅವನು ಹೇಳುವ ನೆಪಗಳಿಗೆಲ್ಲ ತೂತು ಇರುತ್ತದೆ, ಅದಕ್ಕೆ ಅನ್ನುತ್ತಾರೆ ನಿವೃತ್ತ ಹೆಡ್‌ಮಾಸ್ಟರು. ಇಬ್ಬರೂ ನನ್ನ ಮುಂದೆಯೇ ವಾದಕ್ಕೆ ಕೂರುತ್ತಾರೆ. ನಾನು ಮೀಸೆಯೊಳಗೆ ನಗುತ್ತಾ ಗಡ್ಡ ಮಾಡಿಸಿಕೊಂಡು ಬರುತ್ತೇನೆ. ಆ ಮಾತು ಹುಟ್ಟಿದ ಮೂಲೆಯಲ್ಲಿ ಕುಂಡಿ ಊರಿ ಕೂತವನು ನಾನು. ಈ ಭೂಮಿಯ ಮೇಲೆ ಅದರ ಜಾತಕ ಬಲ್ಲವನು ಈಗ ಉಳಿದಿರುವುದು ನಾನೊಬ್ಬನೇ. ಇದು ಜಂಬವಲ್ಲ. ಉಳಿದವರೆಲ್ಲ ಹೋದರು.

ನಾನೂ ನಿನ್ನಪ್ಪನೂ ದುಡಿದದ್ದು ಎರಕದ ಕಾರ್ಖಾನೆಯಲ್ಲಿ. ಮ್ಯಾನ್‌ಹೋಲಿನ ಮುಚ್ಚಳ, ನೀರೆತ್ತುವ ಪಂಪಿನ ಹೊಟ್ಟೆ, ಹೊಲಿಗೆ ಮೆಷಿನ್ನಿನ ಕಬ್ಬಿಣದ ಕಾಲು. ನೀನು ಹೊಲಿಗೆ ಕಲಿತ ಆ ಹಳೇ ಮೆಷಿನ್ನಿನ ಕಾಲನ್ನು ನಾವೇ ಎರೆದಿರಬಹುದು. ಇರಬಹುದು ಏನು, ನಾವೇ ಎರೆದದ್ದು ಅಂತಲೇ ಇಟ್ಟುಕೋ. ಮರದ ಪೆಟ್ಟಿಗೆಯಲ್ಲಿ ನಯವಾದ ಮರಳು ತುಂಬಿ ಅಚ್ಚು ಒತ್ತುತ್ತಿದ್ದೆವು. ಆ ಮರಳನ್ನು ಮೊದಲು ಜರಡಿ ಹಿಡಿಯಬೇಕು. ಒಂದು ಹರಳು ಉಳಿದರೂ ಎರಕದ ಮೈಮೇಲೆ ಗಾಯವಾಗುತ್ತದೆ. ಆಮೇಲೆ ಕುಲುಮೆಯಿಂದ ಕರಗಿದ ಕಬ್ಬಿಣ ಬರುತ್ತದೆ, ದೊಡ್ಡ ಸೌಟಿನಲ್ಲಿ. ಸೌಟು ಅಂದರೆ ನಿನ್ನ ಅಡುಗೆಮನೆಯದಲ್ಲ. ನೀರಿನ ಕೊಡದಷ್ಟು ದೊಡ್ಡದು, ಎರಡು ಕಡೆಗೂ ಉದ್ದನೆಯ ಹಿಡಿ. ಮುಂದೊಬ್ಬ, ಹಿಂದೊಬ್ಬ ಹೊರಬೇಕು, ಹೆಜ್ಜೆಗೆ ಹೆಜ್ಜೆ ಕೂಡಬೇಕು. ಮುಂದಿನವನಿಗೆ ಸೌಟು ಕಾಣುವುದಿಲ್ಲ, ಬೆನ್ನಿಗೆ ಬಿಸಿ ತಾಗುತ್ತಿರುತ್ತದೆ ಅಷ್ಟೇ. ಅವನ ಜೀವ ಹಿಂದಿನವನ ಕಣ್ಣಿನಲ್ಲಿರುತ್ತದೆ.

ನಿನ್ನಪ್ಪ ಮುಂದೆ, ನಾನು ಹಿಂದೆ. ನಮ್ಮ ಜೋಡಿಯ ಹಾಗೆ ಸೌಟು ಹೊತ್ತವರು ಆ ಕಾರ್ಖಾನೆಯಲ್ಲಿ ಅದಕ್ಕೆ ಮುಂಚೆಯೂ ಇರಲಿಲ್ಲ, ಆಮೇಲೆಯೂ ಬರಲಿಲ್ಲ. ಇದು ಮಾತ್ರ ಜಂಬ, ಒಪ್ಪಿಕೊಳ್ಳುತ್ತೇನೆ. ಆದರೆ ನಿಜವಾದ ಜಂಬ. ನನ್ನ ಕಣ್ಣಿಗೆ ತನ್ನ ಬೆನ್ನು ಒಪ್ಪಿಸಿದವನಿಗೆ ನಾನು ನನ್ನ ಅಕ್ಕನನ್ನು ಒಪ್ಪಿಸಿದೆ. ಗೆಳೆಯ ಭಾವನಾದ.

ನಮ್ಮ ದೊಡ್ಡ ಮೇಸ್ತ್ರಿ ಕುಂಟುತ್ತಿದ್ದ. ಬಲಗಾಲಿನಲ್ಲಿ ಬೆರಳುಗಳಿರಲಿಲ್ಲ, ಶೂ ತುದಿಗೆ ಹಳೇ ಬಟ್ಟೆ ತುರುಕಿಕೊಂಡಿರುತ್ತಿದ್ದ. ಬೆಳಿಗ್ಗೆ ನಾವು ಒಳಗೆ ಬರುವಾಗ ಬಾಗಿಲ ಬಳಿ ನಿಂತು ಒಬ್ಬೊಬ್ಬರ ಮುಖ ನೋಡುತ್ತಿದ್ದ. ನಮಸ್ಕಾರಕ್ಕೆ ನಮಸ್ಕಾರ ಇಲ್ಲ, ಬರೀ ನೋಟ. ಹೊಸಬನಾಗಿದ್ದಾಗ ನಾನು ಅದನ್ನೂ ಅಣಕಿಸಿ ತೋರಿಸುತ್ತಿದ್ದೆ, ಕುಂಟಿನ ಸಮೇತ. ಒಂದು ದಿನ ಅವನು ಹಿಂದೆಯೇ ನಿಂತು ಪೂರ್ತಿ ನೋಡಿ, “ಎಡಗಾಲಲ್ಲ ಕಣೋ, ಬಲಗಾಲು. ಅಣಕಿಸೋದಾದ್ರೂ ನೆಟ್ಟಗೆ ಅಣಕಿಸು,” ಅಂದ. ಆಮೇಲೆ ಕೂರಿಸಿಕೊಂಡು ಕಾಲಿನ ಕತೆ ಹೇಳಿದ.

ಅವನ ಪ್ರಾಯದ ದಿನಗಳಲ್ಲಿ ಅವನ ಜೊತೆ ಸೌಟು ಹೊರುತ್ತಿದ್ದವನು ತಾಯಿಯನ್ನು ಮಣ್ಣು ಮಾಡಿದ ಮಾರನೆಯ ದಿನವೇ ಕೆಲಸಕ್ಕೆ ಬಂದನಂತೆ. ಗಟ್ಟಿಗ. ಅಳಲಿಲ್ಲ, ರಜೆ ಕೇಳಲಿಲ್ಲ. ಸೌಟು ಎತ್ತಿದ. ಅರ್ಧ ದಾರಿಯಲ್ಲಿ, ಕಲ್ಲಿಲ್ಲ ಮುಳ್ಳಿಲ್ಲ, ಸುಮ್ಮನೆ ನಿಂತುಬಿಟ್ಟ. ಏನೋ ನೆನಪಾಗಿರಬೇಕು. “ಅವನು ನಿಂತ. ನಾನು ನಡೆದೆ. ಅಷ್ಟೇ,” ಅಂದ ಮೇಸ್ತ್ರಿ. ಕಬ್ಬಿಣ ಚೆಲ್ಲಿತು. ಆ ಗೆಳೆಯನ ಮೇಲೆ ಒಂದು ಕೆಟ್ಟ ಮಾತನ್ನೂ ಮೇಸ್ತ್ರಿ ಆಡಲಿಲ್ಲ. ಕಾಲಿನ ಗಾಯ ಒಣಗಿ ಕೆಲಸಕ್ಕೆ ಮರಳಿದ ದಿನ ಅವನು ಮಾಡಿದ ಮೊದಲ ಕೆಲಸ, ಹಿಂದಿನ ಗೋಡೆಗೆ ಒಂದು ಮೊಳೆ ಹೊಡೆದು ಜರಡಿಯೊಂದನ್ನು ತೂಗುಹಾಕಿದ್ದು.

ಗುಬ್ಬೀ, ಈಗ ಸರಿಯಾಗಿ ಕೇಳು. ಆ ಗೋಡೆಯ ಮೂಲೆಯಲ್ಲಿ ಒಂದು ಮರಳಿನ ಗುಡ್ಡೆ ಇತ್ತು. ಆಗಲೇ ಜರಡಿ ಹಿಡಿದಿಟ್ಟ ಮರಳು. ಮತ್ತೆ ಹಿಡಿದರೆ ಕೆಳಗೆ ಬೀಳುವುದು ಅದೇ ಮರಳು, ಮೇಲೆ ಉಳಿಯುವುದು ಏನೂ ಇಲ್ಲ. ಬೆಳಿಗ್ಗೆ ಯಾರ ಮುಖದಲ್ಲಾದರೂ ಆ ಮನುಷ್ಯನೇ ಇಲ್ಲದಿರುವುದು ಮೇಸ್ತ್ರಿಗೆ ಕಂಡರೆ, ಹೋಗಿ ಮೊಳೆಯಿಂದ ಜರಡಿ ತೆಗೆದು ಮುಂದೆ ಚಾಚುತ್ತಿದ್ದ. “ಹಿಡಿ.” ಅಷ್ಟೇ ಮಾತು. ಯಾಕೆ ಅಂತ ಅವನು ಹೇಳಬಾರದು, ಇವನು ಕೇಳಬಾರದು. ಇವನ ಪಾಲಿನ ಕೆಲಸ ಉಳಿದವರು ಮಾಡಬೇಕು, ಮುಖ ಸಿಂಡರಿಸದೆ. ಮೂಲೆಯಲ್ಲಿ ಕೂತವನನ್ನು ಯಾರೂ ಮಾತಾಡಿಸಬಾರದು, ಅವನೇ ಬಾಯಿ ಬಿಟ್ಟರೆ ಮಾತ್ರ ಕಿವಿ ಕೊಡಬೇಕು. ಹೊರಗೆ, ಹೆಂಡತಿಯ ಹತ್ತಿರವೂ, ಇದರ ಸುದ್ದಿ ಎತ್ತಬಾರದು. ಸಾಕು ಏಳು ಅಂತ ಯಾರೂ ಅನ್ನಬಾರದು. ಯಾವತ್ತು ಅವನಿಗೇ ಸಾಕೆನಿಸುತ್ತದೋ ಅವತ್ತು ತಾನೇ ಎದ್ದು ಜರಡಿಯನ್ನು ಮೊಳೆಗೆ ತೂಗುಹಾಕಿ ಸೌಟಿನ ಹತ್ತಿರ ಬರುತ್ತಾನೆ. “ಇವತ್ತು ಅವನು ಜರಡಿ” ಅಂತ ನಮ್ಮಲ್ಲೊಬ್ಬ ಇನ್ನೊಬ್ಬನಿಗೆ ಕಿವಿಯಲ್ಲಿ ಹೇಳಿದರೆ ಅರ್ಥ ಇಷ್ಟು: ಅವನ ಮನೆಯಲ್ಲಿ ಏನೋ ಆಗಿದೆ, ಅವನ ಭಾರ ನಾವು ಹೊರೋಣ.

ಆ ಮಾತು ಹುಟ್ಟಿದಾಗ ಹಾಗಿತ್ತು, ಮಗಳೇ.

ನಿನ್ನಮ್ಮ ಜ್ವರವೆಂದು ಮಲಗಿದವಳು ಏಳಲಿಲ್ಲ. ನಿನಗಾಗ ಇನ್ನೂ ಮಾತು ಸರಿಯಾಗಿ ಬರುತ್ತಿರಲಿಲ್ಲ, ನನ್ನನ್ನು ‘ಮಾಮಾ’ ಅನ್ನಲು ಹೋಗಿ ‘ಬಾಬಾ’ ಅನ್ನುತ್ತಿದ್ದೆ. ನಿನ್ನನ್ನು ಪಕ್ಕದ ಮನೆಯ ಅಜ್ಜಿಯ ಮಡಿಲಲ್ಲಿಟ್ಟು ನಾವಿಬ್ಬರೂ ಕೆಲಸಕ್ಕೆ ಹೋದೆವು. ಮೇಸ್ತ್ರಿ ನಿನ್ನಪ್ಪನ ಮುಖ ನೋಡಿದ, ಜರಡಿ ತಂದ. ನಿನ್ನಪ್ಪ ಸುಮ್ಮನೆ ಹಿಡಿದುಕೊಂಡ. ಆಮೇಲೆ ಮೇಸ್ತ್ರಿ ಉಗ್ರಾಣಕ್ಕೆ ಹೋಗಿ ಇನ್ನೊಂದು ಜರಡಿ ತಂದು ನನ್ನ ಮುಂದೆ ಚಾಚಿದ.

ನಾನು ಎದೆ ಉಬ್ಬಿಸಿದೆ. “ನನಗ್ಯಾಕೆ ಮೇಸ್ತ್ರಿ? ನಾನು ಗಟ್ಟಿ ಇದ್ದೀನಿ.”

“ಎರಕಾನೂ ಗಟ್ಟಿನೇ ಕಣಯ್ಯ. ಬಿದ್ದರೆ ಬಿರುಕು ಬಿಡೋದೂ ಅದೇ. ಹಿಡಿ.”

ಗುಡ್ಡೆಯ ಆ ಕಡೆ ಅವನು, ಈ ಕಡೆ ನಾನು. ಅವನ ಹೆಂಡತಿ, ನನ್ನ ಅಕ್ಕ. ನಮ್ಮಿಬ್ಬರ ನಡುವೆ ಆ ಮರಳು. ಅವನು ಹಿಡಿದು ಸುರಿದ ಮರಳನ್ನು ನಾನು ಬಾಚಿಕೊಂಡು ಹಿಡಿಯುತ್ತಿದ್ದೆ, ನಾನು ಸುರಿದದ್ದನ್ನು ಅವನು. ಸರ್, ಸರ್ ಅಂತ ಮರಳಿನ ಸದ್ದು. ಹಿಂದೆ ಕುಲುಮೆ ಉಸಿರಾಡುವ ಸದ್ದು. ನನ್ನ ಬಾಯಿ ಇಷ್ಟು ವರ್ಷಗಳಲ್ಲಿ ಅಷ್ಟು ಹೊತ್ತು ಮುಚ್ಚಿದ್ದು ಅದೊಂದೇ ಸಲ. ಮೊದಲು ನನ್ನ ಕಣ್ಣಿನ ನೀರು ಮರಳಿಗೆ ಬಿದ್ದು ಉಂಡೆ ಕಟ್ಟಿತು. ಜರಡಿಯಲ್ಲಿ ಉಳಿದದ್ದು ಆ ಉಂಡೆಗಳು ಮಾತ್ರ. ನಿನ್ನಪ್ಪ ಕೈ ಚಾಚಿ, ನನ್ನ ಜರಡಿಯೊಳಗೇ, ಬೆರಳಿನಿಂದ ಅವನ್ನು ಒಂದೊಂದಾಗಿ ಒಡೆದ.

ನಾನು ಅವನಿಗಿಂತ ಮೊದಲು ಎದ್ದೆ. ಅವನು ಏಳಲಿಲ್ಲ. ವಾರಗಳಾದವು, ಒಂದು ಋತುವೇ ಕಳೆಯಿತು. ನನ್ನ ಸೌಟಿನ ಮುಂದಿನ ಹಿಡಿಯನ್ನು ಯಾರು ಯಾರೋ ಹಿಡಿದರು, ಒಬ್ಬನ ಹೆಜ್ಜೆಯೂ ಕೂಡಲಿಲ್ಲ. ಏಳು ಅನ್ನುವಂತಿಲ್ಲ, ಅದು ನಿಯಮ. ಆದರೆ ಗುಡ್ಡೆಗೆ ಒಂದು ಕಲ್ಲು ಹಾಕಬಾರದು ಅಂತ ಯಾವ ನಿಯಮವೂ ಇರಲಿಲ್ಲವಲ್ಲ! ಒಂದು ಮಧ್ಯಾಹ್ನ ಅವನು ಕೈ ತೊಳೆಯಲು ಹೋದಾಗ ನೆಲ್ಲಿಕಾಯಿ ಗಾತ್ರದ್ದೊಂದು ಕಲ್ಲನ್ನು ಮರಳಿನೊಳಗೆ ಹೂತಿಟ್ಟು, ಏನೂ ಅರಿಯದವನ ಹಾಗೆ ದೂರ ನಿಂತೆ. ಅವನ ಜರಡಿಯಲ್ಲಿ ಅದು ಟಣ್ ಅಂತ ಕುಣಿಯಿತು. ಅವನು ಕೈ ನಿಲ್ಲಿಸಿ ಅದನ್ನೇ ನೋಡಿದ. ಎತ್ತಿ ಬೆಳಕಿಗೆ ಹಿಡಿದ. ಆಮೇಲೆ ತಿರುಗಿ, ಅಷ್ಟು ಜನರ ನಡುವೆ ನೇರವಾಗಿ ನನ್ನನ್ನೇ ನೋಡಿ, “ಕಳ್ಳ ನನ್ಮಗನೇ,” ಅಂದ. ಅವನು ಎದ್ದ. ಜರಡಿ ಮೊಳೆಗೇರಿತು. ಅಂದು ಸಂಜೆ ನಮ್ಮ ಸೌಟಿನಿಂದ ಒಂದು ತೊಟ್ಟೂ ಚೆಲ್ಲಲಿಲ್ಲ.

ಹಾಗಾದರೆ ಆ ಮಾತು ಕೆಟ್ಟದ್ದು ಹೇಗೆ? ಯಾರೂ ಕೆಡಿಸಲಿಲ್ಲ ಗುಬ್ಬಿ, ನಮ್ಮ ಮೌನವೇ ಕೆಡಿಸಿತು. ಕಾರ್ಖಾನೆಗೆ ಎರಡನೇ ಕುಲುಮೆ ಬಂತು, ಹೊಸ ಜನ ಗುಂಪು ಗುಂಪಾಗಿ ಬಂದರು. ಹೊರಗೆ ಬಾಯಿ ಬಿಡಬಾರದೆಂಬ ನಿಯಮವನ್ನು ನಾವು ಎಷ್ಟು ಚೆನ್ನಾಗಿ ಪಾಲಿಸಿದೆವೆಂದರೆ ಒಳಗೆ ಬಂದವರಿಗೂ ಹೇಳಲಿಲ್ಲ. ಅವರಿಗೆ ಕಂಡದ್ದೇನು? ತಾವು ಬೆವರು ಸುರಿಸುವಾಗ ಮೂಲೆಯಲ್ಲೊಬ್ಬ ಹಿಡಿದ ಮರಳನ್ನೇ ಮತ್ತೆ ಹಿಡಿಯುತ್ತಾ ಕೂತಿದ್ದಾನೆ! ಇಷ್ಟು ಒಳ್ಳೆಯ ಕಳ್ಳಾಟವನ್ನು ಅವರು ಜನ್ಮದಲ್ಲಿ ಕಂಡಿರಲಿಲ್ಲ. “ಏ ಜರಡಿ!” ಅಂತ ಕೂಗಿದರು, ಶಿಳ್ಳೆ ಹಾಕಿದರು. ಆ ಮಾತು ಅವರ ಜೊತೆ ಚಹಾದಂಗಡಿಗೆ ಹೋಯಿತು, ಮನೆಗೆ ಹೋಯಿತು, ಮಕ್ಕಳ ಜೊತೆ ಶಾಲೆಗೆ ಹೋಯಿತು.

ಆ ದಿನಗಳಲ್ಲಿ ನಮ್ಮಲ್ಲಿ ಕುಲುಮೆಗೆ ಕಲ್ಲಿದ್ದಲು ಹಾಕುವವನೊಬ್ಬನಿದ್ದ, ಬೆಟ್ಟದಂಥ ಆಳು. ಅವನನ್ನು ಎಲ್ಲರೂ ಆನೆ ಅಂತಲೇ ಕರೆಯುತ್ತಿದ್ದರು. ಅವನ ತಮ್ಮ ಕೆರೆಯಲ್ಲಿ ಮುಳುಗಿ ಹೋದ. ಮೇಸ್ತ್ರಿ ಆನೆಯ ಕೈಗೆ ಜರಡಿ ಕೊಟ್ಟ. ಹೊಸಬರು ಶಿಳ್ಳೆ ಹೊಡೆದರು. ಅಂಥ ದೊಡ್ಡ ಮನುಷ್ಯ ಜರಡಿಯನ್ನು ಬಿಸಾಡಿ ಕುಲುಮೆಯ ಕಡೆ ನುಗ್ಗುವುದರಲ್ಲಿದ್ದ. ನಿನ್ನಪ್ಪ ನನ್ನ ಕಡೆ ತಿರುಗಿ “ಇವತ್ತು ಬೇರೆ ಯಾರನ್ನಾದ್ರೂ ಮುಂದೆ ಹಾಕ್ಕೋ” ಅಂದ. ಹೋಗಿ ಉಗ್ರಾಣದಿಂದ ಎರಡನೇ ಜರಡಿ ತಂದು ಆನೆಯ ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತ. ಶಿಳ್ಳೆ ಹೊಡೆದವರಿಗೆ ಕೈಯೆತ್ತಿ ಕೂಗಿ ಹೇಳಿದ: “ಹೌದು ಕಣ್ರಪ್ಪೋ, ಜರಡಿ ನಾನೇ! ಇವನು ನನಗೆ ಜೊತೆಗೆ ಬಂದವನು. ಕರೆಯೋದಿದ್ರೆ ನನ್ನನ್ನ ಕರೀರಿ!”

ಎಲ್ಲರೂ ನಕ್ಕರು. ಆನೆ ಕೂತ.

ಅಂದಿನಿಂದ ಯಾರು ಆ ಮೂಲೆಗೆ ಹೋದರೂ ಎದುರಿಗೆ ನಿನ್ನಪ್ಪ ಇರುತ್ತಿದ್ದ. ಒಂದು ದಿನ, ಅರ್ಧ ದಿನ, ಅವರಿಗೆ ಉಸಿರು ಮರಳುವವರೆಗೆ. ಆಮೇಲೆ ಬಂದು ಸೌಟು ಎತ್ತುತ್ತಿದ್ದ. ಬೈಗುಳವೆಲ್ಲ ಅವನೊಬ್ಬನ ಹೆಸರಿಗೇ ಹೋಯಿತು. ನಿಜವಾಗಿ ನೊಂದವರ ಹೆಸರು ಯಾರ ಬಾಯಿಗೂ ಬೀಳಲಿಲ್ಲ. ಇಡೀ ಊರಿಗೆ ಅವನೊಬ್ಬನೇ ಜರಡಿ.

ನೀನು ಶಾಲೆಯಿಂದ ರಿಬ್ಬನ್ ಹರಿದುಕೊಂಡು ಬಂದ ದಿನ ನಾನು ನಿಮ್ಮ ಮನೆಯಲ್ಲೇ ಇದ್ದೆ. ‘ಜರಡಿ ಮಗಳು’ ಅಂದವಳ ತೋಳು ಕಚ್ಚಿ ಬಂದಿದ್ದೆ. ನನಗಂತೂ ಹೆಮ್ಮೆಯಾಗಿತ್ತು. ನೀನು ನಿನ್ನಪ್ಪನ ಮುಂದೆ ನಿಂತು ಕೇಳಿದೆ: “ಅಪ್ಪ, ನೀನು ಕೆಲಸ ಮಾಡಲ್ವಾ?” ಅವನು ನಕ್ಕು, “ಮಾಡ್ತೀನಿ ಮಗಳೇ, ಯಾರೂ ನೋಡದೇ ಇದ್ದಾಗ,” ಅಂದ. ನೀನು ನಗಲಿಲ್ಲ. ಮಾರನೆಯ ದಿನದಿಂದ ಊಟದ ಡಬ್ಬಿ ಹಿಡಿದು ಕಾರ್ಖಾನೆಯ ಗೇಟಿಗೆ ಬರುವುದನ್ನು ಬಿಟ್ಟೆ. ಅವನು ಮಧ್ಯಾಹ್ನ ಗೇಟಿನವರೆಗೆ ಹೋಗಿ ಬರುವುದನ್ನು ಮಾತ್ರ ಬಿಡಲಿಲ್ಲ.

ಹೇಳಿಬಿಡೋ ಮಾರಾಯ, ಅವಳಿಗಾದರೂ ಹೇಳು ಅಂತ ನಾನು ಜಗಳವಾಡಿದ್ದೇನೆ. “ಹೇಳಿದ್ರೆ ಯಾರಿಗೋಸ್ಕರ ಕೂತೆ ಅಂತಾನೂ ಹೇಳಬೇಕಾಗುತ್ತೆ,” ಅಂದ. “ಅವರ ಮನೇಲೂ ಮಕ್ಕಳಿದ್ದಾವೆ. ನನ್ನ ಮಗಳು ಕಚ್ತಾಳೆ, ತಡ್ಕೊಳ್ತಾಳೆ.”

ಈಗ ಮೇಸ್ತ್ರಿ ಇಲ್ಲ, ಆನೆ ಇಲ್ಲ, ನಿನ್ನಪ್ಪನೂ ಇಲ್ಲ. ಕಾರ್ಖಾನೆ ಸಿಮೆಂಟಿನ ಗೋಡೌನಾಗಿದೆ. ನಿಯಮ ಮುರಿಯಲು ಉಳಿದಿರುವವನು ನಾನು, ನಿಯಮ ಮುರಿಯುವುದರಲ್ಲಿ ನನ್ನನ್ನು ಮೀರಿಸುವವರು ಮೊದಲೇ ಇರಲಿಲ್ಲ. ಅದಕ್ಕೇ ಇಷ್ಟೂ ಹೇಳಿದೆ. ನೀನು ಅಪ್ಪನ ಮಗಳೇ. ಅದನ್ನು ದನಿ ತಗ್ಗಿಸಿ ಹೇಳಬೇಡ.

ನಿಮ್ಮ ಕಟಿಂಗ್ ಮಾಸ್ಟರಮ್ಮನಿಗೆ ನಮ್ಮ ಮೇಸ್ತ್ರಿಯ ಪರಿಚಯವಿರಲು ಸಾಧ್ಯವಿಲ್ಲ. ಆದರೆ ಒಂದು ಯೋಚನೆ ಮಾಡು. ನಿನ್ನ ಮೆಷಿನ್ನಿನ ಅಲಗು ಬಟ್ಟೆಯ ಅಷ್ಟು ಪದರಗಳನ್ನು ಒಂದೇ ಏಟಿಗೆ ಸೀಳುತ್ತದೆ. ಅದರ ಪಕ್ಕದಲ್ಲೇ ನಿನ್ನ ಬೆರಳುಗಳಿರುತ್ತವೆ. ಆ ಹೆಂಗಸು ಬೆಳಿಗ್ಗೆ ನಿನ್ನ ಮುಖ ನೋಡಿದ್ದಾಳೆ. ದಾರವಿಲ್ಲದ ಅಂಗಿಗಳನ್ನು ಹುಡುಕಿ ಹುಡುಕಿ ನಿನ್ನ ಮೇಜಿಗೆ ಕಳಿಸುತ್ತಿದ್ದಾಳೆ. ಯಾಕೆ ಅಂತ ಹೇಳಿಲ್ಲ. ನನ್ನ ಊಹೆ ತಪ್ಪಿದ್ದರೆ ನನ್ನ ಮೀಸೆ ಬೋಳಿಸು. ಆದರೆ ಕೆಲಸ ಬಿಡುವ ಮೊದಲು ಒಮ್ಮೆ ಅವಳ ಕೈಗಳನ್ನು ನೋಡು. ಬೆರಳುಗಳೆಲ್ಲ ನೆಟ್ಟಗಿವೆಯೋ ಇಲ್ಲವೋ ನೋಡು. ನೆಟ್ಟಗಿದ್ದರೆ, ಅವಳ ಕಣ್ಣು ನೋಡು.

ಬೆನ್ನ ಹಿಂದೆ ಜರಡಿ ಅನ್ನುವವರನ್ನು ಬೈಯಬೇಡ. ಅವರಿಗೆ ಯಾರೂ ಹೇಳಿಲ್ಲ. ಕೂತು ಅಂಗಿ ತಿರುಗಿಸು, ಮಡಚು. ನಿನಗೆ ಸಾಕೆನಿಸಿದ ದಿನ ನೀನೇ ಎದ್ದು ಮೆಷಿನ್ನಿಗೆ ಹೋಗು. ಅಲ್ಲಿಯವರೆಗೆ ಏಳು ಅನ್ನುವ ಹಕ್ಕು ನನಗೂ ಇಲ್ಲ.

ಆದರೆ ಎದುರಿಗೆ ಕೂರುವ ಹಕ್ಕು ಇದೆ. ಸೋಮವಾರ ಬೆಳಗಿನ ಬಸ್ಸಿಗೆ ಬರುತ್ತಿದ್ದೇನೆ. ಮಂಡಿ ನೋವಿನವನು ಯಾಕೆ ಅಂತ ಫೋನು ಮಾಡಬೇಡ, ನನ್ನ ಸಿಗ್ನಲ್ ಹೇಗೆ ಅಂತ ನಿನಗೆ ಗೊತ್ತು. ಮಧ್ಯಾಹ್ನದ ಬಿಡುವಿನಲ್ಲಿ ನಿಮ್ಮ ಗೇಟಿನ ಹೊರಗಿನ ಕಲ್ಲುಬೆಂಚಿನ ಮೇಲೆ ಕೂತಿರುತ್ತೇನೆ, ಏನೂ ಕೆಲಸ ಮಾಡದೆ, ಎಲ್ಲರಿಗೂ ಕಾಣುವ ಹಾಗೆ. ಯಾರಾದರೂ ಜರಡಿ ಅಂತ ಕೂಗಿದರೆ ಓಗೊಡಲು ಒಬ್ಬ ಬೇಕಲ್ಲ.

ನನ್ನ ನೀಲಿ ಅಂಗಿ ಹಾಕಿಕೊಂಡು ಬರುತ್ತೇನೆ. ಅದರ ತೋಳಿನ ಹೊಲಿಗೆ ಎಂದೋ ಬಿಟ್ಟಿದೆ, ದಾರಗಳು ನೇತಾಡುತ್ತಿವೆ. ನಿನ್ನ ಕತ್ತರಿ ತಾ.

ನಿನ್ನ ಜರಡಿಯ ಮೊಳೆ ನಿನ್ನ ಕೈಗೆಟುಕುವಷ್ಟು ಎತ್ತರದಲ್ಲೇ ಇರಲಿ, ಮಗಳೇ.

ಇತಿ,
ಎರಡನೇ ಜರಡಿ ಹಿಡಿದ
ನಿನ್ನ ಮಾವ